ಅಂಗಡಿಯದೇ ಬ್ರ್ಯಾಂಡು ಅಗ್ಗ ಅಂತಾರೆ, ಸರಿ. ಯಾವುದಕ್ಕಿಂತ ಅಗ್ಗ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಇಳಿಯಿತು. ಸೋಪು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತು ಶೇ 18ರಿಂದ ಶೇ 5ಕ್ಕೆ ಬಂದವು. ತುಪ್ಪ, ಬೆಣ್ಣೆ, ನೂಡಲ್ಸ್ ಶೇ 12ರಿಂದ ಶೇ 5ಕ್ಕೆ ಇಳಿದವು. 5 ರೂಪಾಯಿಯ ಬಿಸ್ಕತ್ತು ಪೊಟ್ಟಣ 4 ರೂಪಾಯಿ 45 ಪೈಸೆ ಆಯಿತು ಅನ್ನೋ ಸುದ್ದಿಯೂ ಬಂತು. ಉಳಿದ 55 ಪೈಸೆ ಚಿಲ್ಲರೆಯನ್ನು ಯಾರು ಯಾರಿಗೆ ಕೊಡಬೇಕು ಅನ್ನೋದು ಮಾತ್ರ ಗೊತ್ತಾಗಲಿಲ್ಲ.

ನಂದಿನಿ ತುಪ್ಪದ ಕಥೆ ಇನ್ನೂ ಗೊಂದಲದ್ದು. ತೆರಿಗೆ ಇಳಿದ ದಿನ ಲೀಟರಿಗೆ 650 ಇದ್ದದ್ದು 610 ಆಯಿತು. ಜನ ಖುಷಿಪಟ್ಟರು. ಎರಡು ತಿಂಗಳು ಕಳೆಯುವ ಮೊದಲೇ, ನವೆಂಬರಿನಲ್ಲಿ, ಅದೇ ತುಪ್ಪ 700 ಆಯಿತು. ಅಕ್ಟೋಬರಿನ ಚಿಲ್ಲರೆ ಹಣದುಬ್ಬರ ಬರೀ ಶೇ 0.25 ಅಂತ ಸರ್ಕಾರದ ಅಂಕಿ ಹೇಳುತ್ತಿತ್ತು. ತರಕಾರಿ, ಬೇಳೆ ಹಿಂದಿನ ವರ್ಷಕ್ಕಿಂತ ಇಳಿದಿದ್ದು ಅದಕ್ಕೆ ದೊಡ್ಡ ಕಾರಣ. ಅಡುಗೆ ಎಣ್ಣೆ, ತೆಂಗಿನಕಾಯಿ ಮಾತ್ರ ಏರುತ್ತಲೇ ಇದ್ದವು. ಹಾಗಾಗಿ ಪೇಪರಿನಲ್ಲಿ ಬೆಲೆ ಇಳಿದರೂ ತಿಂಗಳ ದಿನಸಿ ಬಿಲ್ಲಿನಲ್ಲಿ ಅದು ಅಷ್ಟಾಗಿ ಕಾಣಿಸಲಿಲ್ಲ.

ಇಂಥ ಹೊತ್ತಿನಲ್ಲಿ ಕಣ್ಣು ಹೋಗುವುದು ಸೂಪರ್‌ಮಾರ್ಕೆಟ್‌ನ ಇನ್ನೊಂದು ಸಾಲಿನ ಮೇಲೆ. ಅಲ್ಲಿರುವುದು ಟಿವಿಯಲ್ಲಿ ಯಾರೂ ಹಾಡಿ ಹೊಗಳದ, ಅಂಗಡಿಯದೇ ಹೆಸರಿನ ಸಾಮಾನು. ಅದನ್ನು ಕೊಂಡರೆ ನಿಜಕ್ಕೂ ದುಡ್ಡು ಉಳಿಯುತ್ತದಾ? ಕೆಲವು ಸಾಮಾನಿನಲ್ಲಿ ಚೆನ್ನಾಗಿಯೇ ಉಳಿಯುತ್ತದೆ, ಕೆಲವದರಲ್ಲಿ ಉಳಿದ ಹಾಗೆ ಕಾಣುತ್ತದೆ ಅಷ್ಟೇ. ಯಾವುದು ಯಾವುದು ಅಂತ ತಿಳಿಯಬೇಕಾದರೆ ಬೆಲೆ ಹೇಗೆ ಕಟ್ಟಲಾಗುತ್ತದೆ ಅಂತ ನೋಡಬೇಕು.

ಇದು ಹೊಸದೇನಲ್ಲ

1905ರಲ್ಲಿ ನೀಲಗಿರಿ ಬೆಟ್ಟದ ಕಡೆ ಬೆಣ್ಣೆ ವ್ಯಾಪಾರವಾಗಿ ಶುರುವಾದ ನೀಲಗಿರೀಸ್ 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂತು. ಅಲ್ಲಿನ ಬ್ರೆಡ್ಡು, ಬೆಣ್ಣೆ, ಕೇಕಿನ ಮೇಲೆ ಅಂಗಡಿಯದೇ ಹೆಸರು. ಆದರೆ ಅದನ್ನು ಜನ ಕೊಂಡದ್ದು ಅಗ್ಗ ಅಂತಲ್ಲ, ಚೆನ್ನಾಗಿದೆ ಅಂತ.

ಅಗ್ಗಕ್ಕೋಸ್ಕರವೇ ಅಂಗಡಿ ಬ್ರ್ಯಾಂಡು ಮಾಡುವ ಯೋಚನೆ ಬೆಳೆದದ್ದು ಯೂರೋಪಿನಲ್ಲಿ. 1976ರಲ್ಲಿ ಫ್ರಾನ್ಸಿನ ಕಾರ್‌ಫೂರ್ ಸೂಪರ್‌ಮಾರ್ಕೆಟ್ ಬ್ರ್ಯಾಂಡೇ ಇಲ್ಲದ ಸರಳ ಪೊಟ್ಟಣಗಳಲ್ಲಿ 50 ಸಾಮಾನು ಇಟ್ಟಿತು. 1993ರಲ್ಲಿ ಬ್ರಿಟನ್ನಿನ ಟೆಸ್ಕೊ ಸೂಪರ್‌ಮಾರ್ಕೆಟ್ ನೀಲಿ-ಬಿಳಿ ಪಟ್ಟೆಯ ‘ವ್ಯಾಲ್ಯೂ’ ಸಾಲು ತಂದಿತು. ಆ ಪೊಟ್ಟಣ ಬೇಕಂತಲೇ ಬಡವಾಗಿ ಕಾಣುತ್ತಿತ್ತು. ನೋಡಿದ ತಕ್ಷಣ ‘ಇದಕ್ಕೆ ಖರ್ಚೇ ಮಾಡಿಲ್ಲ’ ಅಂತ ಅನಿಸಬೇಕಲ್ಲ! 2023ರ ಮಾರ್ಚಿನಲ್ಲಿ ಅಲ್ಲಿ ಆಹಾರದ ಬೆಲೆ ವರ್ಷದ ಹಿಂದಿಗಿಂತ ಶೇ 19ರಷ್ಟು ಏರಿದ್ದಾಗ, ಅನುಕೂಲಸ್ಥರೂ ಅಂಗಡಿ ಬ್ರ್ಯಾಂಡಿನ ಅಗ್ಗದ ಸಾಲಿಗೆ ಬಂದರು.

ನಮ್ಮಲ್ಲಿ ಈಗ ಬಿಗ್‌ಬ್ಯಾಸ್ಕೆಟ್‌ನ ಬಿಬಿ ರಾಯಲ್, ಬಿಬಿ ಪಾಪ್ಯುಲರ್, ರಿಲಯನ್ಸ್‌ನ ಗುಡ್ ಲೈಫ್, ಡಿಮಾರ್ಟ್‌ನ ಪ್ರೀಮಿಯಾ ಹೀಗೆ ಸಾಲು ಸಾಲಾಗಿ ಇವೆ. ಇವನ್ನು ಬಹುಪಾಲು ಬೇರೆ ತಯಾರಕರೇ ಮಾಡುವುದು ಅಥವಾ ಪ್ಯಾಕ್ ಮಾಡುವುದು. ಹೆಸರು ಮಾತ್ರ ಅಂಗಡಿಯದು.

ಅಗ್ಗ ಎಲ್ಲಿಂದ ಬರುತ್ತದೆ?

ಒಂದು ದೊಡ್ಡ ಕಂಪನಿಯ ಸೋಪಿನ ಬೆಲೆಯನ್ನು ಬಿಚ್ಚಿ ನೋಡಿದರೆ ಅದರಲ್ಲಿ ಕಚ್ಚಾ ಸಾಮಾನು ಇದೆ, ತಯಾರಿಕೆ ಇದೆ, ವಿತರಕರ ಪಾಲು ಇದೆ, ಅಂಗಡಿಯವರ ಪಾಲು ಇದೆ, ಜಾಹೀರಾತು ಇದೆ, ಲಾಭ ಇದೆ, ಕೊನೆಗೆ ತೆರಿಗೆ ಇದೆ. ಹಿಂದೂಸ್ತಾನ್ ಯೂನಿಲಿವರ್ ಇತ್ತೀಚಿನ ವರ್ಷಗಳಲ್ಲಿ ತನ್ನ ಮಾರಾಟದ ಸುಮಾರು ಹತ್ತನೇ ಒಂದು ಭಾಗವನ್ನು ಜಾಹೀರಾತು ಮತ್ತು ಪ್ರಚಾರಕ್ಕೇ ಖರ್ಚು ಮಾಡಿದೆ. ಅಂದರೆ 100 ರೂಪಾಯಿ ಮಾರಾಟದಲ್ಲಿ ಹತ್ತು ರೂಪಾಯಿ, ಆ ಸೋಪಿನ ಹೆಸರು ನಿಮಗೆ ನೆನಪಿರಲಿ ಅನ್ನೋದಕ್ಕೆ.

ಅಂಗಡಿ ಬ್ರ್ಯಾಂಡಿಗೆ ಆ ಹತ್ತು ರೂಪಾಯಿ ಬೇಡ. ಅದರ ಜಾಹೀರಾತು ಶೆಲ್ಫೇ. ವಿತರಕರೂ ಬೇಡ, ತಯಾರಕರಿಂದ ನೇರ ಗೋದಾಮಿಗೆ ಬರುತ್ತದೆ. ಇಷ್ಟು ಉಳಿದದ್ದರಲ್ಲಿ ಸ್ವಲ್ಪ ಅಂಗಡಿ ಇಟ್ಟುಕೊಳ್ಳುತ್ತದೆ, ಸ್ವಲ್ಪ ನಮಗೆ ಬಿಡುತ್ತದೆ. ‘ಸ್ವಲ್ಪ ಇಟ್ಟುಕೊಳ್ಳುತ್ತದೆ’ ಅನ್ನೋದನ್ನು ಮರೆಯುವ ಹಾಗಿಲ್ಲ. ಕಂಪನಿ ಸಾಮಾನಿಗಿಂತ ಸ್ವಂತ ಸಾಮಾನಿನಲ್ಲಿ ಅಂಗಡಿಗೆ ಲಾಭ ಜಾಸ್ತಿ ಸಿಗುತ್ತದೆ, ಅದಕ್ಕೇ ಅದು ಕಣ್ಣಿನ ಮಟ್ಟದ ಶೆಲ್ಫಿನಲ್ಲೇ ಕೂತಿರುತ್ತದೆ.

ಈಗ ಇದೇ ಲೆಕ್ಕವನ್ನು ತೊಗರಿ ಬೇಳೆಗೆ ಹಾಕಿ. ಕಲಬುರಗಿ ರೈತರಿಂದ ತೊಗರಿ ಮಂಡಿಗೆ ಬರುತ್ತದೆ, ಮಿಲ್ಲಿಗೆ ಹೋಗುತ್ತದೆ, ಬೇಳೆಯಾಗಿ ಚೀಲ ಸೇರುತ್ತದೆ. ಅದರ ಬೆಲೆಯಲ್ಲಿ ಬಹುಪಾಲು ತೊಗರಿಯದೇ. ಜಾಹೀರಾತಿನ ಪಾಲು ತೀರಾ ಕಡಿಮೆ. ಹಾಗಾದರೆ ಅಂಗಡಿ ಬ್ರ್ಯಾಂಡು ಅಲ್ಲಿ ಏನನ್ನು ಕತ್ತರಿಸಿ ಅಗ್ಗ ಮಾಡುತ್ತದೆ? ಕತ್ತರಿಸಲು ಜಾಸ್ತಿ ಏನೂ ಇಲ್ಲ. ಒಟ್ಟಿಗೆ ಜಾಸ್ತಿ ಕೊಂಡು ಚೌಕಾಸಿ ಮಾಡಬಹುದು. ಅಥವಾ ಕಾಳಿನ ದರ್ಜೆ ಇಳಿಸಬಹುದು.

ಅಕ್ಕಿಯೂ ಹಾಗೆಯೇ. ಗಂಗಾವತಿ, ಸಿಂಧನೂರು ಕಡೆಯ ಸೋನಾ ಮಸೂರಿಯಲ್ಲಿ ಹೊಸದು ಬೇರೆ, ವರ್ಷ ಹಳೆಯದು ಬೇರೆ. ಹಳೇ ಅಕ್ಕಿ ಅನ್ನ ಉದುರಾಗುತ್ತದೆ, ಒದಗುತ್ತದೆ, ಬೆಲೆಯೂ ಜಾಸ್ತಿ. ಪೊಟ್ಟಣದ ಮೇಲೆ ‘ಸೋನಾ ಮಸೂರಿ’ ಅಂತ ದೊಡ್ಡದಾಗಿ ಇದ್ದು, ಎಷ್ಟು ಹಳೆಯದು ಅಂತ ಇಲ್ಲದಿದ್ದರೆ ಕೆಜಿಗೆ ಆರು ರೂಪಾಯಿ ಉಳಿದದ್ದು ಉಳಿತಾಯವೋ ಅಲ್ಲವೋ ಅನ್ನೋದನ್ನು ಕುಕ್ಕರೇ ಹೇಳಬೇಕು.

ಸರ್ಕಾರವೂ ಒಂದು ಬ್ರ್ಯಾಂಡು ಮಾಡಿತ್ತಲ್ಲ, ‘ಭಾರತ್’ ಅಂತ. 2024ರ ಫೆಬ್ರುವರಿಯಲ್ಲಿ ಭಾರತ್ ಅಕ್ಕಿ ಕೆಜಿಗೆ 29 ರೂಪಾಯಿಗೆ ಬಂತು, ಅದೇ ವರ್ಷ ನವೆಂಬರಿನ ಎರಡನೇ ಹಂತದಲ್ಲಿ 34 ಆಯಿತು. ಅದು ಅಗ್ಗವಾಗಿದ್ದದ್ದು ಸರ್ಕಾರ ತನ್ನ ದಾಸ್ತಾನನ್ನು ರಿಯಾಯಿತಿಯಲ್ಲಿ ಬಿಟ್ಟಿದ್ದರಿಂದ. ಯಾವ ಅಂಗಡಿಯೂ ತನ್ನ ಜೇಬಿನಿಂದ ಹಾಗೆ ಕೊಡುವುದಿಲ್ಲ.

ಬ್ರಿಟನ್ನಿನ ಲೆಕ್ಕ ಇಲ್ಲಿ ಪೂರ್ತಿ ಕೂರಲ್ಲ

ಬ್ರಿಟನ್ನಿನಲ್ಲಿ ಒಂದು ಸರಳ ಸಲಹೆ ಬಹಳ ಓಡಾಡಿದೆ: ಈಗ ಕೊಳ್ಳುವ ಬ್ರ್ಯಾಂಡಿಗಿಂತ ಒಂದು ಮೆಟ್ಟಿಲು ಕೆಳಗಿಳಿದು ನೋಡಿ, ರುಚಿಯಲ್ಲಿ ವ್ಯತ್ಯಾಸ ತಿಳಿಯದಿದ್ದರೆ ಅಲ್ಲೇ ಇರಿ. ಅಲ್ಲಿಗೆ ಅದು ಸರಿ. ಅಲ್ಲಿ ಹೆಚ್ಚಿನ ಮನೆಗಳ ಬುಟ್ಟಿಯಲ್ಲಿರುವುದು ಡಬ್ಬಿ ಬೀನ್ಸು, ಸೀರಿಯಲ್, ಬ್ರೆಡ್ಡು, ಸಾಸು. ಎಲ್ಲವೂ ಪೊಟ್ಟಣದ್ದೇ. ಹಾಗಾಗಿ ಇರುವ ಆಯ್ಕೆ ಎರಡೇ, ಕಂಪನಿ ಬ್ರ್ಯಾಂಡು ಅಥವಾ ಅಂಗಡಿ ಬ್ರ್ಯಾಂಡು.

ನಮ್ಮ ಅಡುಗೆಮನೆಯಲ್ಲಿ ಮೂರನೆಯವನೊಬ್ಬ ಇದ್ದಾನೆ, ಬೀದಿ ಕೊನೆಯ ದಿನಸಿ ಅಂಗಡಿಯ ಚೀಲ. ಅಕ್ಕಿ, ಬೇಳೆ, ರವೆ, ಬೆಲ್ಲ, ಮೆಣಸಿನಕಾಯಿ ಬಿಡಿಯಾಗಿ ತೂಗಿ ಕೊಡುವ ಅಂಗಡಿ ಇನ್ನೂ ಇದೆ. ಸೂಪರ್‌ಮಾರ್ಕೆಟ್ ಬ್ರ್ಯಾಂಡಿನ ನಿಜವಾದ ಎದುರಾಳಿ ಅದೇ. ಆದರೆ ಸೂಪರ್‌ಮಾರ್ಕೆಟ್ ಒಳಗೆ ನಿಂತಾಗ ಆ ಬೆಲೆ ಕಣ್ಣಿಗೆ ಬೀಳುವುದಿಲ್ಲ. ಪಕ್ಕದಲ್ಲಿರುವ ದುಬಾರಿ ಬ್ರ್ಯಾಂಡಿನ ಬೆಲೆ ಮಾತ್ರ ಬೀಳುತ್ತದೆ. ಹೋಲಿಕೆ ಅಲ್ಲೇ ದಾರಿ ತಪ್ಪುತ್ತದೆ.

ಇದರಲ್ಲಿ ತೆರಿಗೆಯದೂ ಒಂದು ಪಾತ್ರ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರ್ಯಾಂಡಿನ ಅಕ್ಕಿ-ಬೇಳೆಗೆ ಮಾತ್ರ ಶೇ 5 ತೆರಿಗೆ ಇತ್ತು. ಆಗ ಕೆಲವರು ಬ್ರ್ಯಾಂಡಿನ ನೋಂದಣಿಯನ್ನೇ ಬಿಟ್ಟುಕೊಟ್ಟು ತೆರಿಗೆ ತಪ್ಪಿಸಿಕೊಂಡರು. ಅದಕ್ಕೆ 2022ರ ಜುಲೈ 18ರಿಂದ ನಿಯಮ ಬದಲಾಯಿತು. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದರೆ, ಬ್ರ್ಯಾಂಡು ಯಾವುದೇ ಇರಲಿ, ಶೇ 5. ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. 25 ಕೆಜಿಗಿಂತ ದೊಡ್ಡ ಚೀಲಕ್ಕೂ ಇಲ್ಲ. ಮಾರುಕಟ್ಟೆಗೆ ಇದ್ದಕ್ಕಿದ್ದ ಹಾಗೆ 26 ಕೆಜಿಯ ಅಕ್ಕಿ ಚೀಲ ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. 2025ರ ಸೆಪ್ಟೆಂಬರಿನ ಇಳಿಕೆಯೂ ಪೊಟ್ಟಣದ ಅಕ್ಕಿ-ಬೇಳೆಯ ಈ ಶೇ 5ನ್ನು ಮುಟ್ಟಲಿಲ್ಲ. ಅಂದರೆ ಅಕ್ಕಿ-ಬೇಳೆಯಲ್ಲಿ ಅಂಗಡಿ ಬ್ರ್ಯಾಂಡು ಓಟ ಶುರು ಮಾಡುವುದೇ ಬಿಡಿ ಸಾಮಾನಿಗಿಂತ ಶೇ 5 ಹಿಂದಿನಿಂದ.

ಹಾಗಂತ ಬಿಡಿ ಸಾಮಾನೇ ಯಾವಾಗಲೂ ಗೆಲ್ಲುತ್ತದೆ ಅಂತಲ್ಲ. ಅದಕ್ಕೆ ಲೇಬಲ್ ಇಲ್ಲ, ತಾರೀಖು ಇಲ್ಲ, ಯಾರು ಪ್ಯಾಕ್ ಮಾಡಿದರು ಅನ್ನೋ ವಿಳಾಸ ಇಲ್ಲ. ಪೊಟ್ಟಣದಲ್ಲಿ ಇವೆಲ್ಲ ಇರಲೇಬೇಕು. ಅದಕ್ಕೆ ಬೆಲೆ ಕಟ್ಟುವುದು ನ್ಯಾಯವೇ. ಎಷ್ಟು ಅನ್ನೋದಷ್ಟೇ ಪ್ರಶ್ನೆ.

ಎಂಆರ್‌ಪಿ ಅನ್ನೋ ಕಣ್ಕಟ್ಟು

ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ. ಆ ಬೆಲೆಯನ್ನು ನಿಗದಿ ಮಾಡುವುದು ಸರ್ಕಾರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಸಾಮಾನ್ಯ ದಿನಸಿಯಲ್ಲಿ ಅದನ್ನು ಬರೆಯುವುದು ಸಾಮಾನಿನ ಕಂಪನಿ. ಅಂಗಡಿ ಬ್ರ್ಯಾಂಡಿನಲ್ಲಿ ಎಂಆರ್‌ಪಿ ಬರೆಯುವವರೂ ರಿಯಾಯಿತಿ ಕೊಡುವವರೂ ಒಬ್ಬರೇ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಅಂಗಡಿ ಬ್ರ್ಯಾಂಡಿನ ಒಂದು ಕೆಜಿ ಬೇಳೆಯ ಎಂಆರ್‌ಪಿ 220, ಮಾರುವ ಬೆಲೆ 150. ಮೇಲೆ ಹಳದಿ ಚೀಟಿ: ಶೇ 32 ಉಳಿತಾಯ. ಹೊರಗೆ ಅದೇ ದರ್ಜೆಯ ಬಿಡಿ ಬೇಳೆ 145 ಇದ್ದರೆ? 70 ರೂಪಾಯಿ ಉಳಿಸಿದೆ ಅಂತ ಮನೆಗೆ ಬಂದವರು ನಿಜವಾಗಿ 5 ರೂಪಾಯಿ ಜಾಸ್ತಿ ಕೊಟ್ಟಿರುತ್ತಾರೆ. ಬಿಲ್ಲಿನ ಕೊನೆಯಲ್ಲಿ ಬರುವ ‘ನೀವು ಇಂದು ಉಳಿಸಿದ್ದು’ ಅನ್ನೋ ಸಾಲು ಎಂಆರ್‌ಪಿಯಿಂದ ಕಳೆದ ಲೆಕ್ಕ. ಯಾರೂ ಯಾವತ್ತೂ ಕೊಡದ ಬೆಲೆಯಿಂದ ಕಳೆದರೆ ಎಷ್ಟು ಬೇಕಾದರೂ ಉಳಿಯುತ್ತದೆ.

ಇದಕ್ಕೆ ಪರಿಹಾರ ಅಂತ ಕಾನೂನಿನಲ್ಲಿ ಒಂದು ಒಳ್ಳೇ ಅಂಶ ಬಂದಿದೆ. 2021ರಲ್ಲಿ ಪೊಟ್ಟಣ ಸಾಮಾನುಗಳ ತೂಕ-ಅಳತೆ ನಿಯಮಕ್ಕೆ ತಿದ್ದುಪಡಿ ತಂದು, ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಬೆಲೆ ಅಂತ ಅಚ್ಚು ಹಾಕುವುದನ್ನು ಕಡ್ಡಾಯ ಮಾಡಿದರು. ಆದರೆ ಅದೇ ತಿದ್ದುಪಡಿ ಇನ್ನೊಂದು ಬಾಗಿಲು ತೆರೆಯಿತು. ಮೊದಲು ಬಿಸ್ಕತ್ತು, ಚಹಾ, ಕಾಫಿ, ಎಣ್ಣೆಯಂಥ ಸಾಮಾನುಗಳನ್ನು ಇಂತಿಷ್ಟೇ ತೂಕದ ಪೊಟ್ಟಣದಲ್ಲಿ ಮಾರಬೇಕು ಅನ್ನೋ ಪಟ್ಟಿ ಇತ್ತು. ಆ ಪಟ್ಟಿ ಹೋಯಿತು. ಈಗ ಯಾವ ತೂಕದಲ್ಲಿ ಬೇಕಾದರೂ ಪ್ಯಾಕ್ ಮಾಡಬಹುದು.

ಎಣ್ಣೆ ಪೊಟ್ಟಣದಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ 850, 800 ಗ್ರಾಂ ಪೊಟ್ಟಣಗಳೂ ಇರುತ್ತವೆ, ನೋಡಲು ಎಲ್ಲ ಒಂದೇ ಗಾತ್ರ. 910 ಗ್ರಾಂಗೆ 150 ರೂಪಾಯಿ, 800 ಗ್ರಾಂಗೆ 138 ರೂಪಾಯಿ ಅಂತ ಇಟ್ಟುಕೊಳ್ಳಿ. ಎರಡನೆಯದು 12 ರೂಪಾಯಿ ಅಗ್ಗ ಅನಿಸುತ್ತದೆ. 100 ಗ್ರಾಂಗೆ ಲೆಕ್ಕ ಹಾಕಿದರೆ ಮೊದಲನೆಯದು 16 ರೂಪಾಯಿ 48 ಪೈಸೆ, ಎರಡನೆಯದು 17 ರೂಪಾಯಿ 25 ಪೈಸೆ. ಈ ಆಟವನ್ನು ಕಂಪನಿಗಳೂ ಆಡುತ್ತವೆ, ಅಂಗಡಿಗಳೂ ಆಡುತ್ತವೆ.

ಇನ್ನೊಂದು ಸಿಕ್ಕು ಇದೆ. ಪೊಟ್ಟಣದ ಮೇಲಿನ ಗ್ರಾಂ ಬೆಲೆ ಎಂಆರ್‌ಪಿಯಿಂದ ಲೆಕ್ಕ ಹಾಕಿದ್ದು. ಎಂಆರ್‌ಪಿಯೇ ಉಬ್ಬಿದ್ದರೆ ಆ ಅಂಕಿಯೂ ಉಬ್ಬಿರುತ್ತದೆ. ಹಾಗಾಗಿ ಮಾರುವ ಬೆಲೆಯನ್ನು ತೂಕದಿಂದ ಭಾಗಿಸುವ ಕೆಲಸ ಕೊಳ್ಳುವವರ ಫೋನಿನ ಕ್ಯಾಲ್ಕುಲೇಟರಿಗೇ ಬೀಳುತ್ತದೆ.

ಕಾಫಿ ಪುಡಿಯ ಪಾಠ

ತೂಕ ಒಂದೇ, ಬೆಲೆ ಕಡಿಮೆ ಅಂದಾಗಲೂ ಹೋಲಿಕೆ ಮುಗಿಯುವುದಿಲ್ಲ. ಫಿಲ್ಟರ್ ಕಾಫಿ ಪುಡಿಯಲ್ಲಿ ಚಿಕೋರಿ ಇರುತ್ತದಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು ಅಂತ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಂದರೆ ಚಿಕೋರಿ ಶೇ 49ರವರೆಗೆ ಹೋಗಬಹುದು. ಎಷ್ಟು ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು.

ಲೆಕ್ಕಕ್ಕೆ ಕಾಫಿ ಕೆಜಿಗೆ 800, ಚಿಕೋರಿ 200 ಅಂತ ಹಿಡಿಯೋಣ. 80:20 ಮಿಶ್ರಣದ ಸರಕಿನ ಬೆಲೆ 680 ಆಗುತ್ತದೆ. 55:45 ಮಿಶ್ರಣದ್ದು 530. ಬರೀ ಬೆರಕೆಯಿಂದಲೇ 150 ರೂಪಾಯಿ ವ್ಯತ್ಯಾಸ. ಈಗ ಕಂಪನಿಯ 80:20 ಪುಡಿ 720ಕ್ಕೆ, ಅಂಗಡಿಯ 55:45 ಪುಡಿ 600ಕ್ಕೆ ಸಿಕ್ಕರೆ 120 ರೂಪಾಯಿ ಅಗ್ಗ ಅಂತ ಅನಿಸುತ್ತದೆ. ಆದರೆ ಒಳಗಿನ ಸರಕು 150 ರೂಪಾಯಿ ಕಡಿಮೆಯದು. ಅಗ್ಗ ಅಂತ ಕೊಂಡ ಪುಡಿಯೇ ಅದರ ಸರಕಿಗೆ ಹೋಲಿಸಿದರೆ ದುಬಾರಿ.

ಚಿಕೋರಿ ಜಾಸ್ತಿ ಇದ್ದರೆ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯುತ್ತದೆ. ಅದನ್ನೇ ಇಷ್ಟಪಡುವವರೂ ಇದ್ದಾರೆ, ಅವರಿಗೆ ಇದು ಮೋಸವಲ್ಲ. ಕಾಫಿಗೇ ದುಡ್ಡು ಕೊಡುತ್ತಿದ್ದೇನೆ ಅಂದುಕೊಂಡವರಿಗೆ ಮಾತ್ರ ನಷ್ಟ.

ಇದೇ ರೀತಿ ಐಸ್‌ಕ್ರೀಮಿನ ಪಕ್ಕದಲ್ಲಿ ಸಸ್ಯಜನ್ಯ ಕೊಬ್ಬಿನ ‘ಫ್ರೋಜನ್ ಡೆಸರ್ಟ್’ ಇರುತ್ತದೆ. ಒಂದೇ ಬಗೆಯ ಎಣ್ಣೆಯ ಪಕ್ಕದಲ್ಲಿ ‘ಬ್ಲೆಂಡೆಡ್’ ಎಣ್ಣೆ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನೋದು ನಿಯಮ. ಬಾದಾಮಿ ಬಿಸ್ಕತ್ತಿನಲ್ಲಿ ಬಾದಾಮಿ ಎಷ್ಟನೇ ಸಾಲಿನಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿ.

ತೆರಿಗೆ ಇಳಿದ ಮೇಲೆ ಅಂತರ ಏನಾಯಿತು?

ತೆರಿಗೆ ಶೇಕಡಾ ಲೆಕ್ಕದಲ್ಲಿ ಇರುವುದರಿಂದ ದುಬಾರಿ ಸಾಮಾನಿನಲ್ಲಿ ಅದು ರೂಪಾಯಿಯಲ್ಲಿ ಜಾಸ್ತಿ ಇಳಿಯುತ್ತದೆ. ತೆರಿಗೆಗೆ ಮುಂಚೆ ಕಂಪನಿ ಶಾಂಪೂ 100 ರೂಪಾಯಿ, ಅಂಗಡಿ ಶಾಂಪೂ 70 ಅಂತಿರಲಿ. ಶೇ 18 ಇದ್ದಾಗ ಅವು 118 ಮತ್ತು 82 ರೂಪಾಯಿ 60 ಪೈಸೆ, ಅಂತರ 35 ರೂಪಾಯಿ 40 ಪೈಸೆ. ಶೇ 5 ಆದಾಗ 105 ಮತ್ತು 73 ರೂಪಾಯಿ 50 ಪೈಸೆ, ಅಂತರ 31 ರೂಪಾಯಿ 50 ಪೈಸೆ. ಅಂಗಡಿ ಬ್ರ್ಯಾಂಡು ಈಗಲೂ ಅಗ್ಗವೇ, ಆದರೆ ಬದಲಾಯಿಸಿದ್ದಕ್ಕೆ ಸಿಗುವ ಲಾಭ ಮೊದಲಿಗಿಂತ ಸ್ವಲ್ಪ ಕಡಿಮೆ. ತೆರಿಗೆ ಇಳಿಯುವ ಮೊದಲು ಮಾಡಿದ ಹೋಲಿಕೆಯನ್ನು ಇನ್ನೊಮ್ಮೆ ಮಾಡಲು ಇಷ್ಟು ಕಾರಣ ಸಾಕು.

ಯಾರು ಏನು ಹೇಳುತ್ತಾರೆ

ಸೂಪರ್‌ಮಾರ್ಕೆಟಿನವರ ವಾದ ಸರಳ: ಜಾಹೀರಾತಿಗೆ ಸುರಿಯುವ ದುಡ್ಡನ್ನು ಗಿರಾಕಿಗೆ ಬಿಡುತ್ತಿದ್ದೇವೆ, ದೊಡ್ಡ ಕಂಪನಿಗಳು ನಮ್ಮ ಭಯಕ್ಕಾದರೂ ಬೆಲೆ ಹದ್ದುಬಸ್ತಿನಲ್ಲಿ ಇಡುತ್ತವೆ. ಇದರಲ್ಲಿ ಸತ್ಯ ಇದೆ.

ಕಂಪನಿಗಳ ದೂರು ಬೇರೆ. ಹೊಸ ಸಾಮಾನು ಮಾಡಿ, ಜನಕ್ಕೆ ರುಚಿ ಹತ್ತಿಸುವ ಖರ್ಚು ನಮ್ಮದು. ಯಾವುದು ಚೆನ್ನಾಗಿ ಹೋಗುತ್ತದೆ ಅಂತ ಬಿಲ್ಲಿಂಗ್ ಯಂತ್ರದಲ್ಲಿ ನೋಡಿ, ಅದೇ ಬಣ್ಣದ ಪೊಟ್ಟಣದಲ್ಲಿ ನಕಲು ತಂದು ಪಕ್ಕದಲ್ಲಿ ಇಡುವವರು ಅವರು. ಆಟಗಾರರೂ ಅವರೇ, ಅಂಪೈರೂ ಅವರೇ. ಇದರಲ್ಲೂ ಸತ್ಯ ಇದೆ. ಆನ್‌ಲೈನ್ ಮಾರಾಟದಲ್ಲಿ ಇದೇ ಆತಂಕದಿಂದ 2019ರ ಫೆಬ್ರುವರಿಯಿಂದ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ತಮ್ಮ ಪಾಲು ಇರುವ ಕಂಪನಿಯ ಸರಕನ್ನು ಅದೇ ತಾಣದಲ್ಲಿ ಮಾರುವಂತಿಲ್ಲ. ಊರಿನ ಸೂಪರ್‌ಮಾರ್ಕೆಟ್ಟಿಗೆ ಅಂಥ ಕಟ್ಟು ಇಲ್ಲ.

ದಿನಸಿ ಅಂಗಡಿಯವರ ಕಷ್ಟ ಇವೆರಡಕ್ಕಿಂತ ನೇರವಾದದ್ದು. ಅವರಿಗೆ ಸ್ವಂತ ಬ್ರ್ಯಾಂಡು ಮಾಡುವಷ್ಟು ಗಾತ್ರ ಇಲ್ಲ. ಕಂಪನಿ ಸಾಮಾನಿನಲ್ಲಿ ಸಿಗುವ ಸಣ್ಣ ಪಾಲಿನಲ್ಲೇ ರಿಯಾಯಿತಿ ಕೊಡಬೇಕು. ಅವರ ಕೈಯಲ್ಲಿ ಉಳಿದಿರುವ ಅಸ್ತ್ರ ಬಿಡಿ ಸಾಮಾನು ಮತ್ತು ಸಾಲದ ಪುಸ್ತಕ.

‘ಎರಡೂ ಒಂದೇ ಫ್ಯಾಕ್ಟರಿಯಲ್ಲಿ ಆಗೋದು, ಲೇಬಲ್ ಮಾತ್ರ ಬೇರೆ’ ಅನ್ನೋ ಮಾತು ಬಹಳ ಕೇಳಿಬರುತ್ತದೆ. ಅರ್ಧ ಸತ್ಯ. ಫ್ಯಾಕ್ಟರಿ ಒಂದೇ ಇರಬಹುದು, ಆದರೆ ಯಾವ ದರ್ಜೆಯ ಸರಕು, ಎಷ್ಟು ಪ್ರಮಾಣ ಅಂತ ಹೇಳುವವರು ಆರ್ಡರ್ ಕೊಟ್ಟವರು. ಒಬ್ಬನೇ ದರ್ಜಿ ಎರಡು ಬಟ್ಟೆಯಲ್ಲಿ ಅಂಗಿ ಹೊಲಿದ ಹಾಗೆ. ಬ್ರ್ಯಾಂಡಿನವರು ಬೇರೆ, ತಯಾರಕರು ಬೇರೆ ಇದ್ದರೆ ತಯಾರಕರ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯೂ ಪೊಟ್ಟಣದ ಮೇಲೆ ಇರಬೇಕು. ಯಾರು ಮಾಡಿದ್ದು ಅಂತ ಅದರಿಂದ ತಿಳಿಯಬಹುದು, ಏನು ಹಾಕಿ ಮಾಡಿದ್ದು ಅಂತ ತಿಳಿಯುವುದಿಲ್ಲ.

ಎಲ್ಲಿಂದ ಶುರು ಮಾಡೋದು

ಇಷ್ಟೆಲ್ಲ ನೋಡಿದ ಮೇಲೆ ಒಂದು ಸೂತ್ರ ಸಿಗುತ್ತದೆ. ಯಾವ ಸಾಮಾನಿನ ಬೆಲೆಯಲ್ಲಿ ಹೆಸರಿನ ಪಾಲು ಜಾಸ್ತಿಯೋ ಅಲ್ಲಿ ಅಂಗಡಿ ಬ್ರ್ಯಾಂಡು ಲಾಭ. ಯಾವುದರಲ್ಲಿ ಸರಕಿನ ಪಾಲು ಜಾಸ್ತಿಯೋ ಅಲ್ಲಿ ಬಿಡಿ ಅಂಗಡಿಯ ಬೆಲೆ ಕೇಳದೆ ಕೊಳ್ಳಬಾರದು.

ಫಿನೈಲು, ಪಾತ್ರೆ ಸೋಪು, ಟಾಯ್ಲೆಟ್ ಕ್ಲೀನರು, ಕಸದ ಚೀಲ, ಟಿಶ್ಯೂ, ಇವುಗಳಲ್ಲಿ ಶುರು ಮಾಡಬಹುದು. ಹೆಸರಿನ ಪಾಲು ದೊಡ್ಡದು, ರುಚಿಯ ಪ್ರಶ್ನೆಯೇ ಇಲ್ಲ, ಮನೆಯಲ್ಲಿ ಯಾರೂ ಮುಖ ಗಂಟು ಹಾಕುವುದಿಲ್ಲ. ಪಾತ್ರೆ ಸೋಪು ಮಾತ್ರ ಎಷ್ಟು ದಿನ ಬಂತು ಅಂತ ನೋಡಬೇಕು. ಅರ್ಧ ಬೆಲೆಗೆ ಕೊಂಡದ್ದು ಅರ್ಧದಷ್ಟು ದಿನಗಳಲ್ಲೇ ಕರಗಿದರೆ ಲೆಕ್ಕ ಸೊನ್ನೆ.

ಉಪ್ಪು, ಸಕ್ಕರೆಯಲ್ಲಿ ಹೆದರಿಕೆ ಬೇಡ. ಊಟದ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕು ಅನ್ನೋದು ಕಾನೂನು, ಬ್ರ್ಯಾಂಡು ಯಾವುದಾದರೂ ಸರಿ. ಸಕ್ಕರೆಯಲ್ಲಿ ನೋಡಬೇಕಾದ್ದು ಹರಳಿನ ಗಾತ್ರ ಮತ್ತು ಬಣ್ಣ.

ಬಿಸ್ಕತ್ತು, ಜಾಮು, ಕೆಚಪ್, ಶ್ಯಾವಿಗೆ, ಕಾರ್ನ್‌ಫ್ಲೇಕ್ಸು ಮಧ್ಯದಲ್ಲಿ ಬರುತ್ತವೆ. ಒಂದೊಂದೇ ಸಣ್ಣ ಪೊಟ್ಟಣ ತಂದು ನೋಡುವುದು ಜಾಣತನ. ಒಂದೇ ತಿಂಗಳಲ್ಲಿ ಎಲ್ಲ ಬದಲಾಯಿಸಿದರೆ ಒಂದು ಕೆಟ್ಟದ್ದರ ಸಿಟ್ಟು ಹತ್ತು ಒಳ್ಳೆಯದರ ಮೇಲೆ ತಿರುಗುತ್ತದೆ. ಸಾಂಬಾರ್ ಪುಡಿ, ಚಹಾ ಪುಡಿ ಕೊನೆಗಿರಲಿ. ಅಲ್ಲಿ ವಾದಕ್ಕೆ ಇಳಿಯುವುದು ಬೆಲೆಯಲ್ಲ, ನಾಲಿಗೆ.

ಮುಂದೇನು

ಅಂಗಡಿ ಬ್ರ್ಯಾಂಡುಗಳ ನಡುವೆಯೇ ಈಗ ಮೆಟ್ಟಿಲುಗಳು ಬಂದಿವೆ. ಒಂದೇ ಅಂಗಡಿಯಲ್ಲಿ ‘ಪಾಪ್ಯುಲರ್’ ಒಂದು, ‘ರಾಯಲ್’ ಇನ್ನೊಂದು. ಅಗ್ಗ ಬೇಕು ಅಂತ ಬಂದವರನ್ನು ಮೆಲ್ಲಗೆ ಮೇಲಿನ ಮೆಟ್ಟಿಲಿಗೆ ಕರೆದೊಯ್ಯುವುದು ಇದರ ಉದ್ದೇಶ. ಇತ್ತ ರಿಲಯನ್ಸ್ 2022ರಲ್ಲಿ ಕ್ಯಾಂಪಾ ಬ್ರ್ಯಾಂಡನ್ನು ಕೊಂಡು, ಮರುವರ್ಷ ಆ ಪಾನೀಯವನ್ನು ಬೀದಿ ಅಂಗಡಿಗಳಿಗೂ ತಂದಿತು. ಅಂಗಡಿಯವರೇ ಕಂಪನಿಯಾದರು. ಜಾಹೀರಾತೂ ಶುರುವಾಯಿತು. ಜಾಹೀರಾತು ಇಲ್ಲದ್ದರಿಂದ ಅಗ್ಗ ಅನ್ನೋ ಮೂಲ ಕಾರಣ ಅಲ್ಲಿಗೆ ಸಡಿಲವಾಗುತ್ತದೆ.

ನಿಜವಾಗಿ ಗಮನಿಸಬೇಕಾದ್ದು ಶೆಲ್ಫಿನ ಮಧ್ಯದ ಜಾಗ. ಅಂಗಡಿ ಬ್ರ್ಯಾಂಡು ಬೆಳೆದಾಗ ಮೊದಲು ಪೆಟ್ಟು ತಿನ್ನುವುದು ನಂಬರ್ ಒನ್ ಕಂಪನಿಯಲ್ಲ. ಅದನ್ನು ಕೇಳಿ ಬರುವ ಗಿರಾಕಿ ಇದ್ದೇ ಇರುತ್ತಾರೆ, ತೆಗೆದರೆ ಅಂಗಡಿಗೇ ನಷ್ಟ. ಜಾಗ ಕಳೆದುಕೊಳ್ಳುವುದು ಮೂರನೆಯ, ನಾಲ್ಕನೆಯ ಸ್ಥಾನದ ಬ್ರ್ಯಾಂಡು. ತುಮಕೂರಿನ ಯಾವುದೋ ಹಪ್ಪಳ, ಹುಬ್ಬಳ್ಳಿಯ ಯಾವುದೋ ಚಟ್ನಿಪುಡಿ. ಬೆಲೆಯಲ್ಲಿ ಅಂಗಡಿ ಬ್ರ್ಯಾಂಡಿಗೆ ಹತ್ತಿರ ಇದ್ದದ್ದು ಅವೇ. ಅವು ಹೋದ ಮೇಲೆ ಶೆಲ್ಫಿನಲ್ಲಿ ಉಳಿಯುವುದು ತೀರಾ ದುಬಾರಿಯ ಒಂದು, ಅಂಗಡಿಯ ಒಂದು. ಆಗ ಅಂಗಡಿ ತನ್ನ ಸಾಮಾನಿಗೆ ಹತ್ತು ರೂಪಾಯಿ ಏರಿಸಿದರೂ ಪಕ್ಕದ್ದಕ್ಕಿಂತ ಅಗ್ಗವಾಗಿಯೇ ಕಾಣುತ್ತದೆ. ಮುಂದಿನ ಸಲ ಹೋದಾಗ ಉಪ್ಪಿನಕಾಯಿ ಸಾಲಿನಲ್ಲಿ ಎಷ್ಟು ಹೆಸರು ಉಳಿದಿವೆ ಅಂತ ಎಣಿಸಿ ಬನ್ನಿ.